‘ಲೈಟ್ ನನಗೆ ಕಾಣುತ್ತೆ, ಹಾಗಾದ್ರೆ ಡ್ರೈವರ್‌ಗೆ ನಾನು ಕಾಣಲ್ವಾ?’

ಪ್ರಶ್ನೆ: ಬೆಳಗಿನ ಜಾವ ಐದಕ್ಕೆ ನಮ್ಮೂರಿನ ಟಾರು ರಸ್ತೆಯಲ್ಲಿ ವಾಕಿಂಗ್ ಹೋಗ್ತೀನಿ. ಬೀದಿದೀಪ ಇಲ್ಲ. ಆದ್ರೆ ಗಾಡಿ ಅರ್ಧ ಕಿಲೋಮೀಟರ್ ದೂರ ಇರುವಾಗಲೇ ನನಗೆ ಗೊತ್ತಾಗುತ್ತೆ. ಅಷ್ಟು ಜೋರು ಲೈಟ್ ಮೈಮೇಲೆ ಬಿದ್ದರೆ ಡ್ರೈವರ್‌ಗೂ ನಾನು ಕಾಣಲೇಬೇಕಲ್ವಾ? ಬಿಳಿ ಶರ್ಟ್ ಬೇರೆ ಹಾಕಿರ್ತೀನಿ.

ಉತ್ತರ: ಕಾಣಲೇಬೇಕು ಅಂತೇನೂ ಇಲ್ಲ. ಇದನ್ನು ಎಷ್ಟು ಸಲ ಬರೆದರೂ ‘ಅದು ಸರಿ, ಆದ್ರೆ ನನಗೆ ಲೈಟ್ ಕಾಣುತ್ತಲ್ಲ’ ಎಂಬ ಪತ್ರ ಮತ್ತೆ ಬರುತ್ತದೆ. ಹಾಗಾಗಿ ಈ ಸಲ ಲೆಕ್ಕ ಹಾಕಿಯೇ ಹೇಳಿಬಿಡುತ್ತೇನೆ.

ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕು, ತನಗೆ ಯಾರೂ ಕಾಣದ್ದರಿಂದ ತಾನೂ ಯಾರಿಗೂ ಕಾಣುವುದಿಲ್ಲ ಎಂದುಕೊಳ್ಳುತ್ತದಂತೆ. ಇಲ್ಲಿ ನಾವು ಮಾಡುವುದು ಅದರ ತಿರುಗುಮುರುಗು. ನಿಮಗೆ ಕಾಣುತ್ತಿರುವುದು ದೀಪ, ಅಂದರೆ ಬೆಳಕಿನ ಮೂಲವೇ. ಡ್ರೈವರ್‌ಗೆ ಕಾಣಬೇಕಾದದ್ದು ಆ ಬೆಳಕಿನಲ್ಲಿ ನಿಮ್ಮ ಬಟ್ಟೆಗೆ ತಾಗಿ ವಾಪಸ್ ಹೋಗುವ ಚೂರು. ದೂರ ಎರಡರಷ್ಟಾದರೆ ನಿಮ್ಮ ಮೇಲೆ ಬೀಳುವ ಬೆಳಕು ಕಾಲು ಭಾಗವಾಗುತ್ತದೆ. ಬಿದ್ದದ್ದರಲ್ಲೂ ಕಪ್ಪು ಪ್ಯಾಂಟು ವಾಪಸ್ ಕಳಿಸುವುದು ತೀರಾ ಕಡಿಮೆ, ಕಳಿಸಿದ್ದೂ ನಾಲ್ಕು ದಿಕ್ಕಿಗೆ ಚೆದುರುತ್ತದೆ. ಜೊತೆಗೆ ನಿಮ್ಮ ಕಣ್ಣು ಅರ್ಧ ಗಂಟೆಯಿಂದ ಕತ್ತಲೆಗೆ ಒಗ್ಗಿರುತ್ತದೆ. ಡ್ರೈವರ್‌ನ ಕಣ್ಣಿಗೆ ಡ್ಯಾಶ್‌ಬೋರ್ಡ್ ದೀಪ, ಮೊಬೈಲ್ ಪರದೆ, ಈಗಷ್ಟೇ ಎದುರು ಹೋದ ಲಾರಿಯ ಲೈಟು ಎಲ್ಲ ಹೊಡೆದಿರುತ್ತವೆ.

ಈಗ ಬಿಳಿ ಶರ್ಟಿನ ವಿಚಾರಕ್ಕೆ ಬರೋಣ. ಕಾರಿನ ಹೆಡ್‌ಲೈಟ್ ಡಿಮ್‌ನಲ್ಲಿದ್ದಾಗ ಬೆಳಕು ನೇರ ಮುಂದಕ್ಕೆ ಹೋಗುವುದಿಲ್ಲ, ಸ್ವಲ್ಪ ಕೆಳಕ್ಕೆ ಬಾಗಿರುತ್ತದೆ. ಎದುರಿನವರ ಕಣ್ಣಿಗೆ ಹೊಡೆಯಬಾರದೆಂದು ಹಾಗೆ ಹೊಂದಿಸಿರುತ್ತಾರೆ. ಮಾಮೂಲಿ ಹೊಂದಾಣಿಕೆಯಲ್ಲಿ ಬೆಳಕಿನ ಮೇಲಂಚು ಪ್ರತಿ ಮೀಟರ್‌ಗೆ ಒಂದು ಸೆಂಟಿಮೀಟರಿನಂತೆ ಇಳಿಯುತ್ತದೆ. ದೀಪ ನೆಲದಿಂದ 70 ಸೆಂ.ಮೀ. ಎತ್ತರದಲ್ಲಿದೆ ಎಂದುಕೊಳ್ಳಿ. 20 ಮೀಟರ್ ದೂರಕ್ಕೆ ಮೇಲಂಚು 50 ಸೆಂ.ಮೀ.ಗೆ ಇಳಿಯುತ್ತದೆ, 40 ಮೀಟರ್ ದೂರಕ್ಕೆ 30 ಸೆಂ.ಮೀ.ಗೆ. ಅಂದರೆ 40 ಮೀಟರ್ ದೂರದಲ್ಲಿ ಜೋರು ಬೆಳಕು ಬೀಳುವುದು ನಿಮ್ಮ ಮೊಣಕಾಲಿನ ಕೆಳಗೆ. ಶರ್ಟಿಗೆ ಸಿಗುವುದು ಅಂಚು ದಾಟಿ ಸೋರಿದ ಮಬ್ಬು ಬೆಳಕು ಮಾತ್ರ. ನಂಬಿಕೆ ಬರದಿದ್ದರೆ ರಾತ್ರಿ ಕಾರನ್ನು ಗೋಡೆಯಿಂದ ಹತ್ತು ಮೀಟರ್ ಹಿಂದೆ, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಡಿಮ್ ಹಾಕಿ ನೋಡಿ. ಗೋಡೆಯ ಮೇಲಿನ ಬೆಳಕಿನ ಗೆರೆ ದೀಪಕ್ಕಿಂತ ಸುಮಾರು ಹತ್ತು ಸೆಂ.ಮೀ. ಕೆಳಗಿರುತ್ತದೆ. (ಗೆರೆಯೇ ಇಲ್ಲದೆ ಗೋಡೆಯೆಲ್ಲ ಬೆಳ್ಳಗಾದರೆ, ಹ್ಯಾಲೋಜನ್ ಬುರುಡೆಯ ಜಾಗಕ್ಕೆ ಯಾರೋ ಎಲ್‌ಇಡಿ ತುರುಕಿದ್ದಾರೆ ಎಂದರ್ಥ. ಅದು ಬೇರೆಯದೇ ಜಗಳ.)

ಹಾಗೆ ನೋಡಿದರೆ ನಮ್ಮ ಅಜ್ಜಂದಿರ ಬಿಳಿ ಪಂಚೆ ಬಿಳಿ ಶರ್ಟಿಗಿಂತ ಎಷ್ಟೋ ವಾಸಿ. ಎತ್ತಿ ಕಟ್ಟದೆ ಕಾಲಿನವರೆಗೂ ಇಳಿಬಿಟ್ಟಿದ್ದರೆ ಮಾತ್ರ.

ಈಗ ವೇಗ ಸೇರಿಸಿ. ಡಿಮ್ ಲೈಟಿನಲ್ಲಿ ಕಪ್ಪು ಬಟ್ಟೆಯವರು ಸಾಮಾನ್ಯವಾಗಿ 30 ಮೀಟರ್ ಆಸುಪಾಸಿಗೆ ಬಂದ ಮೇಲಷ್ಟೇ ಕಾಣುವುದು. ಗಾಡಿ ಗಂಟೆಗೆ 60 ಕಿ.ಮೀ.ನಲ್ಲಿದ್ದರೆ ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಕಂಡದ್ದು ಮನುಷ್ಯ ಎಂದು ತಿಳಿದು ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡ್ ಎಂದರೂ 25 ಮೀಟರ್ ಖರ್ಚು. ಉಳಿದದ್ದು ಐದು. ಒಣ ರಸ್ತೆಯಲ್ಲಿ ಆ ವೇಗದಿಂದ ಪೂರ್ತಿ ನಿಲ್ಲಲು ಬೇಕಾದದ್ದು ಮತ್ತೂ 20. ಐದು ಮೀಟರಿನಲ್ಲಿ ವೇಗ 60ರಿಂದ ಸುಮಾರು 52ಕ್ಕೆ ಇಳಿದಿರುತ್ತದೆ, ಅಷ್ಟೇ. ‘ಡ್ರೈವರ್ ಬ್ರೇಕೇ ಹಾಕಿಲ್ಲ’ ಎಂದು ಆಮೇಲೆ ಸೇರಿದ ಜನ ಹೇಳುತ್ತಾರೆ. ಹಾಕಿರುತ್ತಾನೆ, ಅದು ಕೆಲಸಕ್ಕೆ ಬರುವಷ್ಟು ಜಾಗ ಇರುವುದಿಲ್ಲ.

ಮನೆಯಲ್ಲೇ ಪರೀಕ್ಷಿಸುವುದಾದರೆ, ಕತ್ತಲ ರಸ್ತೆಯ ಅಂಚಿನಲ್ಲಿ ಬೈಕ್ ನಿಲ್ಲಿಸಿ ಡಿಮ್ ಲೈಟ್ ಹಾಕಿ. ಮನೆಯವರೊಬ್ಬರು ವಾಕಿಂಗ್ ಬಟ್ಟೆಯಲ್ಲೇ ಹೆಜ್ಜೆ ಎಣಿಸುತ್ತಾ ದೂರ ಹೋಗಲಿ. ಅವರು ಮರೆಯಾದ ಹೆಜ್ಜೆಯನ್ನು ಗುರುತು ಹಾಕಿಕೊಂಡು ಅದನ್ನು ಅರ್ಧ ಮಾಡಿ. ಅರ್ಧ ಯಾಕೆಂದರೆ ಅಲ್ಲೊಬ್ಬರಿದ್ದಾರೆ ಎಂದು ನಿಮಗೆ ಮೊದಲೇ ಗೊತ್ತು, ಡ್ರೈವರ್‌ಗೆ ಗೊತ್ತಿಲ್ಲ. ನಿರೀಕ್ಷೆ ಇಲ್ಲದ ಕಣ್ಣಿಗೆ ಹೆಚ್ಚುಕಡಿಮೆ ಅರ್ಧ ದೂರದಲ್ಲೇ ವಸ್ತು ಕಾಣುವುದು.

ಇನ್ನೊಂದು ಕೆಟ್ಟ ಜಾಗವಿದೆ. ಎರಡೂ ಕಡೆಯಿಂದ ಗಾಡಿ ಬರುವಾಗ ಅರ್ಧ ದಾಟಿ ರಸ್ತೆಯ ನಡುವೆ ನಿಂತವರು, ಎರಡೂ ಲೈಟು ತಮ್ಮ ಮೇಲಿವೆ, ಇನ್ನೇನು ಭಯ ಎಂದುಕೊಳ್ಳುತ್ತಾರೆ. ಎದುರಿನ ಲೈಟು ಕಣ್ಣಿಗೆ ರಾಚುವಾಗ ಅದರ ಪಕ್ಕದಲ್ಲಿರುವುದೆಲ್ಲ ಡ್ರೈವರ್‌ನ ಪಾಲಿಗೆ ಅಳಿಸಿಹೋಗುತ್ತದೆ. ನೀವು ನಿಂತಿರುವುದು ಸರಿಯಾಗಿ ಅಲ್ಲೇ.

ಹಾಗಾದರೆ ಏನು ಮಾಡಬೇಕು? ಬಲಗಡೆ, ಎದುರು ಬರುವ ಗಾಡಿಗಳಿಗೆ ಮುಖ ಮಾಡಿ ನಡೆಯಿರಿ. ಗಾಡಿ ನಿಮಗೆ ಕಾಣುತ್ತದೆ ಎಂಬುದು ಒಂದು ಲಾಭ. ಇನ್ನೊಂದನ್ನು ಯಾರೂ ಹೇಳುವುದಿಲ್ಲ: ನಮ್ಮ ದೇಶಕ್ಕೆ ಮಾಡಿದ ಹೆಡ್‌ಲೈಟ್‌ಗಳ ಡಿಮ್ ಬೆಳಕು ಎಡ ಅಂಚಿನ ಕಡೆ ಮೇಲೆದ್ದು ಹೆಚ್ಚು ದೂರ ಹೋಗುತ್ತದೆ, ಬಲಕ್ಕೆ ತಗ್ಗಿರುತ್ತದೆ. ನೀವು ಎದುರು ನಡೆದಾಗ ಹತ್ತಿರ ಬರುವ ಗಾಡಿಯ ಎಡಕ್ಕೆ, ಅಂದರೆ ಬೆಳಕು ಹೆಚ್ಚಿರುವ ಕಡೆಗೇ ಇರುತ್ತೀರಿ.

ಎರಡನೆಯದು ರಿಫ್ಲೆಕ್ಟರ್ ಪಟ್ಟಿ. ಇದು ಬೆಳಕನ್ನು ಚೆದುರಿಸದೆ ಬಂದ ದಿಕ್ಕಿಗೇ ವಾಪಸ್ ಕಳಿಸುವುದರಿಂದ ನೂರೈವತ್ತು ಮೀಟರ್ ಆಚೆಯಿಂದಲೂ ಹೊಳೆಯುತ್ತದೆ. ಕಟ್ಟಬೇಕಾದದ್ದು ಎದೆಗಲ್ಲ, ಎರಡೂ ಕಣಕಾಲಿಗೆ. ಡಿಮ್ ಬೆಳಕು ಅಲ್ಲೇ ಬೀಳುತ್ತದೆ. ಜೊತೆಗೆ ಕಾಲು ಹಾಕಿದಂತೆ ಎರಡು ಹೊಳಪು ಮೇಲೆ ಕೆಳಗೆ ಆಡುವುದರಿಂದ ನೋಡಿದವರಿಗೆ ತಕ್ಷಣ ಮನುಷ್ಯ ಎಂದು ಗೊತ್ತಾಗುತ್ತದೆ. ಅಲುಗಾಡದ ಒಂದು ಹೊಳಪನ್ನು ರಸ್ತೆ ಬದಿಯ ಕಂಬ ಎಂದುಕೊಳ್ಳಬಹುದು. ಬರೀ ಗಿಣಿಹಸಿರು ಜಾಕೆಟ್ ಕೊಂಡು ಮೋಸ ಹೋಗಬೇಡಿ. ಅದರ ಮಿನುಗು ಹಗಲಿನ ಬೆಳಕಿನಿಂದ ಬರುವುದು, ರಾತ್ರಿ ಕೆಲಸ ಮಾಡುವುದು ಅದರ ಮೇಲಿನ ಬೆಳ್ಳಿ ಪಟ್ಟಿ ಮಾತ್ರ. ಮೊಬೈಲ್ ಟಾರ್ಚ್ ಇದ್ದರೆ ನೆಲಕ್ಕೆ ಹಿಡಿಯುವುದರ ಜೊತೆಗೆ, ಗಾಡಿ ಬಂದಾಗ ಅದರ ಕಡೆ ತಿರುಗಿಸಿ ಅಲ್ಲಾಡಿಸಿ.

ಯಾರೂ ಕೇಳಿಲ್ಲ, ಆದರೂ ಹೇಳಿಯೇ ಬಿಡುತ್ತೇನೆ: ಇದೇ ಕಾರಣಕ್ಕೆ ಮಂಡ್ಯ, ಬಾಗಲಕೋಟೆ, ಬೆಳಗಾವಿ ಕಡೆ ಕಬ್ಬು ಅರೆಯುವ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಟ್ರೈಲರ್‌ಗೆ ಹಿಂದಿನಿಂದ ಗುದ್ದುವುದು. ಟ್ರ್ಯಾಕ್ಟರ್ ಗಂಟೆಗೆ 20ರಲ್ಲಿ, ಕಾರು 80ರಲ್ಲಿ ಇದ್ದರೆ, ಅಂತರ ಕರಗುವುದು 60ರ ವೇಗದಲ್ಲಿ. ಹಿಂದಿನ ದೀಪದ ವೈರ್ ಕಿತ್ತಿರುತ್ತದೆ, ಕಿತ್ತಿರದಿದ್ದರೂ ಹೊರಕ್ಕೆ ಚಾಚಿದ ಕಬ್ಬು ಅದನ್ನು ಮುಚ್ಚಿರುತ್ತದೆ. ಒಂದೇ ಕೆಂಪು ದೀಪ ಇದ್ದರೂ ಸಾಲದು. ಒಂದು ಚುಕ್ಕಿಗೆ ಅಗಲವಿಲ್ಲ. ಎರಡು ಚುಕ್ಕಿ ಇದ್ದರೆ ಅವುಗಳ ನಡುವಿನ ಅಂತರ ಹಿಗ್ಗುವುದನ್ನು ನೋಡಿಯೇ ಡ್ರೈವರ್‌ಗೆ ‘ಹತ್ತಿರ ಆಗ್ತಿದೆ’ ಎಂದು ತಿಳಿಯುವುದು. ಆದ್ದರಿಂದ ಎರಡಿಂಚಿನ ಕೆಂಪು ರಿಫ್ಲೆಕ್ಟರ್ ಟೇಪನ್ನು ಟ್ರೈಲರ್ ಹಿಂಬದಿಯ ಎರಡೂ ತುದಿಗೆ ಅಂಟಿಸಿ. ಕಬ್ಬು ಚಾಚಿದ್ದರೆ ಟೇಪ್ ಹಚ್ಚಿದ ಒಂದು ಹಲಗೆಯನ್ನು ಕಬ್ಬಿನ ತುದಿಗೇ ಅಡ್ಡ ಕಟ್ಟಿ. ಅಂಟಿಸುವ ಮೊದಲು ಜಾಗ ಒರೆಸಿ ಒಣಗಿಸಿ, ವಾರಕ್ಕೊಮ್ಮೆ ಕೆಸರು ತೊಳೆಯಿರಿ, ಮಣ್ಣು ಮೆತ್ತಿದ ಟೇಪ್ ಇದ್ದೂ ಇಲ್ಲದಂತೆ. ಹೊಲದಿಂದ ರಸ್ತೆಗೆ ಅಡ್ಡ ತಿರುಗುವಾಗ ಹಿಂದಿನ ಟೇಪ್ ಯಾರಿಗೂ ಕಾಣದು, ಅದಕ್ಕೆ ಎರಡೂ ಪಕ್ಕಕ್ಕೆ ಹಳದಿ ಟೇಪ್ ಬೇಕು.