ಯಾವ ಆಂಪ್ ಕೊಂಡರೆ ದನಿ ತುಂಬಿ ಬರುತ್ತದೆ?

ಪ್ರಶ್ನೆ: ಮನೆಯಲ್ಲಿ ಹಾಡು ಕೇಳಲು ಒಂದು ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಬೇಕು. ವಾಲ್ವ್ ಆಂಪ್‌ನ (ಟ್ರಾನ್ಸಿಸ್ಟರಿನ ಬದಲು ಗಾಜಿನ ವ್ಯಾಕ್ಯೂಮ್ ಟ್ಯೂಬ್ ಇರುವ ಹಳೆಯ ಬಗೆ) ಬೆಲೆ, ಬಿಸಿ, ವಾಲ್ವ್ ಬದಲಾಯಿಸುವ ರಗಳೆ ಬೇಡ. ಆದರೆ ದನಿ ಮಾತ್ರ ಅದರ ಹಾಗೇ ತುಂಬಿಕೊಂಡಿರಬೇಕು, ತೆಳುವಾಗಿರಬಾರದು. ಯಾವುದನ್ನು ಕೊಳ್ಳಲಿ?

ಉತ್ತರ: ಮೊದಲು ನಿಮ್ಮ ಸ್ಪೀಕರ್ ಯಾವುದು ಹೇಳಿ. ಮಾತು ಹಾರಿಸುತ್ತಿಲ್ಲ. ಇಂಥ ಆಂಪ್ ತಗೊಳ್ಳಿ ಎಂದು ಒಂದು ಹೆಸರು ಹೇಳಿಬಿಡುವುದು ಸುಲಭ. ಅದೇ ಆಂಪ್ ಒಂದು ಸ್ಪೀಕರಿಗೆ ಹಾಕಿದರೆ ತುಂಬಿದ ದನಿ, ಇನ್ನೊಂದಕ್ಕೆ ಹಾಕಿದರೆ ಪೇಲವ. ಯಾಕೆ ಹೀಗೆ ಅನ್ನುವುದು ಗೊತ್ತಾದರೆ ಅಂಗಡಿಯವರ ಮಾತಿಗೆ ಮರುಳಾಗಬೇಕಿಲ್ಲ.

1985ರಲ್ಲಿ ಅಮೆರಿಕದ ಬಾಬ್ ಕಾರ್ವರ್ ಎಂಬ ಆಂಪ್ ತಯಾರಕರು ‘ಸ್ಟೀರಿಯೋಫೈಲ್’ ಎಂಬ ಆಡಿಯೋ ಪತ್ರಿಕೆಯವರ ಮುಂದೆ ಒಂದು ಸವಾಲಿಟ್ಟರು. ನಿಮಗೆ ಮೆಚ್ಚುಗೆಯಾದ ದುಬಾರಿ ಆಂಪ್ ಕೊಡಿ, ನನ್ನ ಅಗ್ಗದ ಟ್ರಾನ್ಸಿಸ್ಟರ್ ಆಂಪನ್ನು ಹಾಗೇ ಕೇಳಿಸುವಂತೆ ಮಾಡುತ್ತೇನೆ ಎಂದರು. ಪತ್ರಿಕೆಯವರು ಒಂದು ವಾಲ್ವ್ ಆಂಪ್ ಕೊಟ್ಟರು. ಕಾರ್ವರ್ ಎರಡಕ್ಕೂ ಒಂದೇ ಸಂಗೀತ ಹಾಯಿಸಿ, ಒಂದರ ದನಿಯಿಂದ ಇನ್ನೊಂದನ್ನು ಕಳೆದು, ಉಳಿದದ್ದೇನು ಎಂದು ನೋಡಿದರು. ಉಳಿಕೆ ಹೆಚ್ಚುಕಮ್ಮಿ ಸೊನ್ನೆಗೆ ಬರುವವರೆಗೂ ತಮ್ಮ ಆಂಪನ್ನು ತಿದ್ದುತ್ತಾ ಹೋದರು. ಕೊನೆಗೆ ಪತ್ರಿಕೆಯವರಿಗೆ ತಮ್ಮದೇ ಕೋಣೆಯಲ್ಲಿ ಕೂತು ಕೇಳಿದರೂ ಯಾವುದು ಯಾವುದೆಂದು ಹೇಳಲಾಗಲಿಲ್ಲ.

ಅಂದರೆ ವಾಲ್ವ್ ದನಿಯಲ್ಲಿ ಮಂತ್ರವೇನಿಲ್ಲ. ಅಳೆಯಬಹುದಾದ, ಬೇಕಾದರೆ ನಕಲು ಮಾಡಬಹುದಾದ ಗುಣಗಳಿವೆ. ಅವುಗಳಲ್ಲಿ ದೊಡ್ಡದು ಔಟ್‌ಪುಟ್ ಇಂಪೀಡೆನ್ಸ್, ಅಂದರೆ ಸ್ಪೀಕರಿಗೆ ಹೋಗುವ ಕರೆಂಟಿಗೆ ಆಂಪ್‌ನ ಒಳಗೇ ಇರುವ ತಡೆ. ಇದನ್ನು ಓಮ್‌ನಲ್ಲಿ ಅಳೆಯುತ್ತಾರೆ.

ಸ್ಪೀಕರಿಗೂ ತನ್ನದೇ ತಡೆ ಇದೆ, ಹಿಂದೆ 8 ಓಮ್ ಎಂದು ಬರೆದಿರುತ್ತದಲ್ವಾ? ಅದು ಎಲ್ಲ ಸ್ವರಕ್ಕೂ 8 ಓಮ್ ಅಲ್ಲ. ಬಾಸ್‌ನ ಒಂದು ಜಾಗದಲ್ಲಿ 30ಕ್ಕೆ ಏರಬಹುದು, ಮಧ್ಯದಲ್ಲೆಲ್ಲೋ 5ಕ್ಕೆ ಇಳಿಯಬಹುದು. ಈಗ 2 ಓಮ್ ಔಟ್‌ಪುಟ್ ಇಂಪೀಡೆನ್ಸ್ ಇರುವ ವಾಲ್ವ್ ಆಂಪ್ ಜೋಡಿಸಿ. ಲೆಕ್ಕ ಹಾಕಿದರೆ 5 ಓಮ್ ಇರುವ ಜಾಗಕ್ಕಿಂತ 30 ಓಮ್ ಇರುವ ಜಾಗದಲ್ಲಿ ದನಿ ಸುಮಾರು 2.4 ಡೆಸಿಬೆಲ್ ಮೇಲೇಳುತ್ತದೆ. ನಿಮ್ಮ ಕಿವಿಗೆ ಮೃದಂಗದ ಎಡ ದಪ್ಪಗಾಯಿತು, ತಂಬೂರಿಯ ಮಂದ್ರ ತಂತಿ ತುಂಬಿಕೊಂಡಿತು ಅನಿಸುತ್ತದೆ. ಮಾಮೂಲಿ ಟ್ರಾನ್ಸಿಸ್ಟರ್ ಆಂಪ್‌ನಲ್ಲಿ ಇದು 0.1 ಓಮ್ ಎಂದಿಟ್ಟುಕೊಂಡರೆ ಏರಿಕೆ 0.14 ಡೆಸಿಬೆಲ್. ಕೇಳಿಸುವುದೇ ಇಲ್ಲ. ನಾವು ‘ತೆಳು’ ಎನ್ನುವುದು ಎಷ್ಟೋ ಸಲ ಈ ನೇರ ದನಿಯನ್ನೇ.

ಇದನ್ನು ಮನೆಯಲ್ಲೇ ಪರೀಕ್ಷೆ ಮಾಡಬಹುದು. ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ಬಿಳಿ ಸೆರಾಮಿಕ್ ಮೈಯ 1 ಓಮ್, 10 ವ್ಯಾಟಿನ ರೆಸಿಸ್ಟರ್ ಚಿಲ್ಲರೆ ಕಾಸಿಗೆ ಸಿಗುತ್ತದೆ. ಆಂಪ್ ಆಫ್ ಮಾಡಿ, ಎರಡೂ ಸ್ಪೀಕರುಗಳ ಪ್ಲಸ್ ವೈರಿನ ನಡುವೆ ಒಂದೊಂದು ಸೇರಿಸಿ. ಸ್ಪೀಕರಿನ ಮಟ್ಟಿಗೆ ಇದು ಆಂಪ್‌ನ ಔಟ್‌ಪುಟ್ ಇಂಪೀಡೆನ್ಸ್ 1 ಓಮ್ ಹೆಚ್ಚಿದ ಹಾಗೆಯೇ. ಮಾಮೂಲಿ ಸದ್ದಿನಲ್ಲೇ ಕೇಳಿ, ಜೋರು ಮಾಡಿದರೆ ಅದು ಬಿಸಿಯಾಗುತ್ತದೆ. ಕೆಲವು ಸ್ಪೀಕರುಗಳಲ್ಲಿ ದನಿಗೆ ಮೈ ಬರುತ್ತದೆ. ಕೆಲವು ಗುಂಯ್ ಅನ್ನುತ್ತವೆ, ಆಗ ತೆಗೆದುಬಿಡಿ. ಹೊಸ ಆಂಪಿಗೆ ದುಡ್ಡು ಸುರಿಯುವ ಮುಂಚೆ ಇಷ್ಟು ಮಾಡಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. ಮಾಡುವವರು ಕಡಿಮೆ.

ಇನ್ನೊಂದು ಗುಣ ಹಾರ್ಮಾನಿಕ್ಸ್. ಯಾವ ಆಂಪ್ ಆದರೂ ಮೂಲ ಸ್ವರಕ್ಕೆ ಒಂದಿಷ್ಟು ತನ್ನದನ್ನು ಸೇರಿಸುತ್ತದೆ. ಎರಡನೇ ಹಾರ್ಮಾನಿಕ್ ಅಂದರೆ ಷಡ್ಜದ ಮೇಲೆ ತಾರ ಷಡ್ಜ. ಮೂರನೆಯದು ಅದರ ಮೇಲಿನ ಪಂಚಮ. ಇವು ಅಲ್ಪಸ್ವಲ್ಪ ಬೆರೆತರೆ ಕಿವಿಗೆ ಹಿತವೇ. ಏಳನೆಯದು, ಒಂಬತ್ತನೆಯದು ಹೀಗೆ ಮೇಲಿನವು ಸೇರಿದರೆ ಒರಟು. ಅಮೆರಿಕದ ನೆಲ್ಸನ್ ಪಾಸ್ ಅವರ ಆಂಪ್‌ಗಳು ಟ್ರಾನ್ಸಿಸ್ಟರಿನವೇ ಆದರೂ ದನಿ ತುಂಬಿದೆ ಎಂದು ಹೆಸರು ಮಾಡಿವೆ. ಕೆಲವೇ ಬಿಡಿಭಾಗ, ಕ್ಲಾಸ್ ಎ, ಮೇಲಿನ ಹಾರ್ಮಾನಿಕ್ಸ್ ಕಡಿಮೆ.

ಕ್ಲಾಸ್ ಎ ಅಂದರೆ ಟ್ರಾನ್ಸಿಸ್ಟರುಗಳಲ್ಲಿ ಸದಾ ಕರೆಂಟ್ ಹರಿಯುತ್ತಲೇ ಇರುತ್ತದೆ. ಕ್ಲಾಸ್ ಎಬಿಯಲ್ಲಿ ಒಂದು ಮೇಲಿನ ಅರ್ಧ ಅಲೆಗೆ, ಇನ್ನೊಂದು ಕೆಳಗಿನ ಅರ್ಧಕ್ಕೆ. ಕೈ ಬದಲಾಗುವಾಗ ಸಣ್ಣ ಮುಗ್ಗರಿಕೆ ಆಗಬಹುದು. ಬಯಾಸ್ (ದನಿ ಇಲ್ಲದಾಗಲೂ ಹರಿಸಿಟ್ಟಿರುವ ಸಣ್ಣ ಕರೆಂಟ್) ಸರಿಯಾಗಿ ಕೂರಿಸದ ಆಂಪ್‌ನಲ್ಲಿ ಇದು ಮೆಲ್ಲನೆಯ ದನಿಯಲ್ಲೇ ಜಾಸ್ತಿ ಕೇಳುತ್ತದೆ. ಬ್ರಿಟನ್ನಿನ ಜಾನ್ ಲಿನ್ಸ್‌ಲೀ ಹುಡ್ 1969ರಲ್ಲಿ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ಕೊಟ್ಟ 10 ವ್ಯಾಟಿನ ಕ್ಲಾಸ್ ಎ ಸರ್ಕ್ಯೂಟನ್ನು ಹವ್ಯಾಸಿಗಳು ಇವತ್ತಿಗೂ ಕಟ್ಟುತ್ತಾರೆ. ಆದರೆ ಸುಮ್ಮನೆ ಕೂತಾಗಲೂ ಅದು ಒಲೆಯ ಹಾಗೆ ಕಾಯುತ್ತದೆ. ರಾಯಚೂರಿನ ಮೇ ತಿಂಗಳಲ್ಲಿ ಕೇಳುವವರಿಗೆ ನಾನಂತೂ ಹೇಳಲಾರೆ. ಚೆನ್ನಾಗಿ ಮಾಡಿದ ಕ್ಲಾಸ್ ಎಬಿ ಸಾಕು. ಟ್ರಾನ್ಸಿಸ್ಟರನ್ನು ಅತಿ ವೇಗವಾಗಿ ಆನ್-ಆಫ್ ಮಾಡಿ ನಡೆಸುವ, ಈಗಿನ ಒಳ್ಳೆಯ ಕ್ಲಾಸ್ ಡಿ ಕೂಡ ಹಳೆಯವರ ಹಾಗೆ ಬೈಯುವಂಥದ್ದಲ್ಲ.

ಇನ್ನು ವ್ಯಾಟ್. ನನ್ನ ಮೊದಲ ಆಂಪ್‌ನ ಮುಂಭಾಗದಲ್ಲಿ 1000 ವ್ಯಾಟ್ ಪಿಎಂಪಿಒ (ಕಣ್ಣು ಮಿಟುಕಿಸುವಷ್ಟು ಹೊತ್ತಿನ ಗರಿಷ್ಠ ಎಂದು ಉಬ್ಬಿಸಿ ಬರೆಯುವ ಲೆಕ್ಕ) ಎಂಬ ಚೀಟಿ ಇತ್ತು. ಬಿಚ್ಚಿ ನೋಡಿದರೆ ಒಂದೇ ಒಂದು 4440 ಐಸಿ, ಅಂದರೆ ಒಂದು ಅಗ್ಗದ ಆಂಪ್ ಚಿಪ್. ಸ್ಟೀರಿಯೋದಲ್ಲಿ ಅದು ಚಾನೆಲ್ಲಿಗೆ ಸುಮಾರು 6 ವ್ಯಾಟ್ ಕೊಡುವಂಥದ್ದು. ನಗು ಬಂತು, ದುಡ್ಡು ವಾಪಸ್ ಬರಲಿಲ್ಲ. ಪಿಎಂಪಿಒ ಕಂಡರೆ ಮುಂದಿನ ಅಂಗಡಿಗೆ ಹೋಗಿ. ನೋಡಬೇಕಾದದ್ದು ಆರ್‌ಎಂಎಸ್ ವ್ಯಾಟ್, ಅಂದರೆ ಆಂಪ್ ಒಂದೇ ಸಮನೆ ಕೊಡಬಲ್ಲ ಶಕ್ತಿ. 8 ಓಮಿಗೆ ಎಷ್ಟು, 4 ಓಮಿಗೆ ಎಷ್ಟು, ಎರಡೂ ನೋಡಿ. 8ಕ್ಕೆ 50, 4ಕ್ಕೆ 80–90 ಕೊಡುವ ಆಂಪ್‌ನಲ್ಲಿ ಟ್ರಾನ್ಸ್‌ಫಾರ್ಮರ್ ಗಟ್ಟಿಯಿದೆ ಎಂದು ನಂಬಬಹುದು. 4 ಓಮಿನ ಲೆಕ್ಕವನ್ನೇ ಕೊಡದಿದ್ದರೆ ಅನುಮಾನಪಡಿ. 1978ರಲ್ಲಿ ಬಂದ ಎನ್‌ಎಡಿ 3020 ಕಾಗದದ ಮೇಲೆ ಬರೀ 20 ವ್ಯಾಟ್. ಆದರೂ ತಬಲದ ಏಟಿನಂಥ ಕ್ಷಣಗಳಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಕೊಡುತ್ತಿತ್ತು. ಹಿಂಭಾಗದಲ್ಲಿ ಸಾಫ್ಟ್ ಕ್ಲಿಪಿಂಗ್ ಸ್ವಿಚ್ ಇತ್ತು, ಮಿತಿ ಮೀರಿದಾಗಲೂ ದನಿ ಕರ್ಕಶವಾಗದಂತೆ. ಅಗ್ಗದ ಆಂಪ್ ಕೂಡ ತುಂಬಿ ಹಾಡಬಲ್ಲದು ಎಂದು ಲಕ್ಷಾಂತರ ಮನೆಗಳಿಗೆ ತೋರಿಸಿದ್ದು ಅದು. ಇವತ್ತು ಸೆಕೆಂಡ್ ಹ್ಯಾಂಡ್ ಸಿಕ್ಕರೆ ಕೆಪಾಸಿಟರ್ ಬದಲಾಯಿಸಿದ್ದಾರಾ ಕೇಳಿ, ವಾಲ್ಯೂಮ್ ತಿರುಗಿಸಿ ಕರಕರ ಅನ್ನುತ್ತದಾ ನೋಡಿ.

ಅಂಗಡಿಯಲ್ಲಿ ಎರಡು ಆಂಪ್ ಹೋಲಿಸುವಾಗ ಒಂದು ಮೋಸ ನಮ್ಮ ಕಿವಿಯದೇ. ಒಂದೇ ಒಂದು ಡೆಸಿಬೆಲ್ ಜೋರಿದ್ದರೂ ಅದೇ ‘ತುಂಬಿದೆ’ ಅನಿಸುತ್ತದೆ, ಜೋರಿದೆ ಅನಿಸುವುದಿಲ್ಲ. ಎರಡರ ಸದ್ದನ್ನೂ ಸಮ ಮಾಡಿಸಿ ಕೇಳಿ. ಭೀಮಸೇನ ಜೋಶಿಯವರ ಖರ್ಜದ ಆಲಾಪ ಒಂದಿದ್ದರೆ ಒಳ್ಳೆಯದು.

ನಿಮ್ಮ ಕೇಳ್ಮೆ ರಾತ್ರಿ, ಮನೆಯವರು ಮಲಗಿದ ಮೇಲೆ, ಮೆಲ್ಲಗೆ ಎನ್ನುವುದಾದರೆ ಇದಿಷ್ಟನ್ನೂ ಬದಿಗಿಡಬಹುದು. ಸದ್ದು ಇಳಿದ ಹಾಗೆ ಕಿವಿಗೆ ಬಾಸ್ ಬೇಗ ಮರೆಯಾಗುತ್ತದೆ. ಅಮೆರಿಕದ ಸಂಶೋಧಕರಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ಬಾಸ್ ನಾಬ್ ಇರುವ, ಸಾಧ್ಯವಾದರೆ ಯಮಹಾದ ಎ-ಎಸ್501 ಹಾಗೆ ಸ್ವಲ್ಪಸ್ವಲ್ಪವೇ ಹೆಚ್ಚಿಸಬಹುದಾದ ಲೌಡ್‌ನೆಸ್ ನಾಬ್ ಇರುವ ಆಂಪ್ ಹುಡುಕಿ. ‘ಶುದ್ಧ ದನಿ’ಯ ಹೆಸರಲ್ಲಿ ನಾಬ್‌ಗಳನ್ನೆಲ್ಲ ಕಿತ್ತುಹಾಕಿರುವ ದುಬಾರಿ ಆಂಪ್ ನಿಮಗೆ ಬೇಡ. ಮನೆಗೆ ತಂದ ಮೇಲೆ ಸ್ಪೀಕರುಗಳನ್ನು ಗೋಡೆಯತ್ತ ಒಂದು ಗೇಣು ಸರಿಸಿ ನೋಡಿ. ಬಾಸ್ ಇನ್ನಷ್ಟು ಸಿಗುತ್ತದೆ, ಅದಕ್ಕೆ ಬಿಲ್ ಇಲ್ಲ.