ಹೊಸ ರೂಲ್‌ಬುಕ್ ಬಂತು, ಹಳೇದು ರದ್ದಿಗೆ ಹಾಕಲೇನ್ರಿ?

ಓದುಗರ ಪ್ರಶ್ನೆ: “ಸರ್, ನಾವು ಹಾವೇರಿಯಾಗ ಐದು ಮಂದಿ ಗೆಳ್ಯಾರು ಡಂಜನ್ಸ್ ಅಂಡ್ ಡ್ರಾಗನ್ಸ್ ಆಡ್ತೀವ್ರಿ. ನಮ್ಮ ಹತ್ರ ಇರೋದು 2014ರ ಪುಸ್ತಕ ಒಂದೇ. ಈಗ ಹೊಸಾದು ಬಂದೈತಿ, ಹಳೇದು ನಡಿಯಂಗಿಲ್ಲ ಅಂತಾರ. ರದ್ದಿಗೆ ಹಾಕಿ ಹೊಸಾದು ತಗೋಬೇಕೇನ್ರಿ?”

ಬೇಡ. ಹಳೇದು ನಡೀತದೆ.

ಉತ್ತರ ಇಷ್ಟೇ. ಆದರೆ ಇಷ್ಟಕ್ಕೆ ಯಾರೂ ಬಿಡುವುದಿಲ್ಲ ಅನ್ನುವುದು ನನಗೆ ಗೊತ್ತು. ಇದೇ ಪ್ರಶ್ನೆಯನ್ನು ಹುಬ್ಬಳ್ಳಿ–ಧಾರವಾಡದ ಚಿಗರಿ ಬಸ್ಸಿನಲ್ಲಿ ನಿಂತುಕೊಂಡು ಕೇಳಿದ್ದಾರೆ. ದುರ್ಗದ ಬೈಲಿನಲ್ಲಿ ಗಿರಮಿಟ್ ಪೊಟ್ಟಣ ಕೈಯಲ್ಲಿ ಇರುವಾಗಲೂ ಕೇಳಿದ್ದಾರೆ. ನಾನು “ನಡೀತದೆ” ಅಂದ ಕೂಡಲೇ “ಇಲ್ರೀ ಸರ್, ನಮ್ಮ ಗೆಳೆಯಾ ಹೇಳಿದಾ...” ಅಂತ ಶುರು ಮಾಡುತ್ತಾರೆ. ಆ ಗೆಳೆಯ ಯಾರೋ, ಒಮ್ಮೆ ಸಿಗಲಿ. (ಆಟ ಗೊತ್ತಿಲ್ಲದವರಿಗೆ: ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗಿ ದಾಳ ಉರುಳಿಸಿ ಆಡುತ್ತಾರೆ.)

ಈ ತಪ್ಪು ತಿಳಿವಳಿಕೆ ನಮ್ಮ ಕಡೆ ಯಾಕೆ ಇಷ್ಟು ಗಟ್ಟಿಯಾಗಿ ಕೂತಿದೆ ಅಂತ ಯೋಚಿಸಿದ್ದೇನೆ. ಧಾರವಾಡದಲ್ಲಿ ಕೋಚಿಂಗಿಗೆ ಬಂದ ಹುಡುಗರನ್ನು ನೋಡಿ. ಸಿಲಬಸ್ ಬದಲಾಯಿತು ಅಂದರೆ ಹಳೇ ಗೈಡು ಮುಟ್ಟುವುದಿಲ್ಲ. ಅದು ಸರಿ, ಅಲ್ಲಿ ಪೇಪರ್ ತಿದ್ದುವವರು ಬೇರೆ ಇದ್ದಾರೆ. ಆದರೆ ನಿಮ್ಮ ಮನೆಯ ಅಟ್ಟದ ಮೇಲೆ ಭಾನುವಾರ ನಡೆಯುವ ಆಟದ ಪೇಪರ್ ತಿದ್ದಲು ಯಾರು ಬರುತ್ತಾರೆ?

ನಮ್ಮ ಅಪ್ಪ ಗದಗಿನ ಒಂದು ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದರು. ಹಾಗಾಗಿ ಪುಸ್ತಕ ‘ಹೊಸದು’ ಆಗುವುದರಲ್ಲಿ ಎಷ್ಟು ಬಗೆ ಅನ್ನುವುದನ್ನು ನಾನು ಶಾಲೆಗಿಂತ ಮೊದಲು ಮನೆಯಲ್ಲೇ ಕಲಿತೆ. ಮರುಮುದ್ರಣ ಅಂದರೆ ಅದೇ ಪುಸ್ತಕ, ಹೊಸ ಕಾಗದ. ಅಲ್ಲಲ್ಲಿ ತಪ್ಪು ಉಳಿದಿದ್ದರೆ ‘ತಪ್ಪು – ಒಪ್ಪು’ ಅಂತ ಒಂದು ಚೀಟಿ ಅಚ್ಚು ಹಾಕಿ ಕೊನೇ ಪುಟಕ್ಕೆ ಅಂಟಿಸುತ್ತಿದ್ದರು. ರಜೆಯಲ್ಲಿ ಆ ಚೀಟಿ ಅಂಟಿಸುವ ಕೆಲಸ ನನ್ನದು. ಮೈದಾ ಅಂಟು ಜಾಸ್ತಿ ಆದರೆ ಪುಟ ಸುಕ್ಕಾಗುತ್ತಿತ್ತು, ಬೈಗುಳ ಬೀಳುತ್ತಿತ್ತು. ಮೂರನೆಯದು ಪರಿಷ್ಕೃತ ಆವೃತ್ತಿ. ಅಡಿಪಾಯ ಅದೇ, ಒಳಗೆ ಅಧ್ಯಾಯ ಹಿಂದೆ ಮುಂದೆ ಆಗಿರುತ್ತವೆ, ಕೆಲವು ಸೇರಿರುತ್ತವೆ, ಕೆಲವು ಹೋಗಿರುತ್ತವೆ. ನಾಲ್ಕನೆಯದು ಪೂರ್ತಿ ಹೊಸ ಬರವಣಿಗೆ, ಹೆಸರು ಮಾತ್ರ ಹಳೇದು.

ಈ ಆಟದ ಚರಿತ್ರೆಯಲ್ಲಿ ಈ ಎಲ್ಲ ಬಗೆಯೂ ಆಗಿಹೋಗಿವೆ. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಇದನ್ನು ಅಮೆರಿಕದಲ್ಲಿ ಹೊರತಂದದ್ದು 1974ರಲ್ಲಿ. ಮೂರನೇ ಆವೃತ್ತಿ 2000ದಲ್ಲಿ ಬಂತು. ಮೂರೇ ವರ್ಷಕ್ಕೆ, 2003ರಲ್ಲಿ, ಅದರ ಪರಿಷ್ಕರಣೆ ಬಂತು. ಅದನ್ನು ಮೂರೂವರೆ ಅಂತಲೇ ಕರೆದರು. 2008ರ ನಾಲ್ಕನೇದು ಮಾತ್ರ ನಿಜಕ್ಕೂ ಬೇರೆ ಮನೆ. ಮೂರೂವರೆಯ ಪಾತ್ರವನ್ನು ಎತ್ತಿ ನಾಲ್ಕರಲ್ಲಿ ಕೂರಿಸಲು ಆಗುತ್ತಿರಲಿಲ್ಲ. 2014ರಲ್ಲಿ ಐದನೇದು ಬಂದಾಗಲೂ ಹಾಗೇ ಆಯಿತು. ಹಳಬರಿಗೆ ಆ ಪೆಟ್ಟು ನೆನಪಿದೆ. ಅದನ್ನೇ ಹೊಸಬರಿಗೆ ದಾಟಿಸಿದ್ದಾರೆ.

2024ರದ್ದು ಮೂರನೇ ಬಗೆಯದು, ಪರಿಷ್ಕರಣೆ. ಆಟಗಾರರ ಪುಸ್ತಕ ಪ್ಲೇಯರ್ಸ್ ಹ್ಯಾಂಡ್‌ಬುಕ್ 2024ರ ಸೆಪ್ಟೆಂಬರ್‌ನಲ್ಲಿ, ಆಟ ನಡೆಸುವವರ ಡಂಜನ್ ಮಾಸ್ಟರ್ಸ್ ಗೈಡ್ ನವೆಂಬರ್‌ನಲ್ಲಿ, ರಾಕ್ಷಸರ ಪಟ್ಟಿ ಇರುವ ಮಾನ್‌ಸ್ಟರ್ ಮ್ಯಾನ್ಯುಯಲ್ 2025ರ ಫೆಬ್ರುವರಿಯಲ್ಲಿ ಬಂದವು. 320 ಪುಟ ಇದ್ದ ಹ್ಯಾಂಡ್‌ಬುಕ್ 384 ಆಯಿತು. ಆದರೆ ಇಪ್ಪತ್ತು ಮುಖದ ದಾಳ ಉರುಳಿಸು, ನಿನ್ನ ಬಲ ಕೂಡಿಸು, ಗುರಿಯ ಅಂಕಿ ಮುಟ್ಟಿತೇ ನೋಡು ಅನ್ನುವ ಬೇರು ಕದಲಿಲ್ಲ. ಅದಕ್ಕೇ ಆರನೇ ಆವೃತ್ತಿ ಅಂತ ಪ್ರಕಾಶಕರು ಕರೆಯಲಿಲ್ಲ.

“ಹಾಗಾದ್ರ ಆನ್‌ಲೈನಿನಾಗ ಹಳೇದು ತಗದ್ರಂತಲ್ರೀ?” ಇದು ಮುಂದಿನ ಬಾಣ. ಬೆಂಕಿಯಿಲ್ಲದೆ ಹೊಗೆ ಏಳಲಿಲ್ಲ, ನಿಜ. 2024ರ ಆಗಸ್ಟ್‌ನಲ್ಲಿ ಈ ಆಟದ ಅಧಿಕೃತ ಆನ್‌ಲೈನ್ ತಾಣ ಡಿ ಅಂಡ್ ಡಿ ಬಿಯಾಂಡ್ ಒಂದು ಪ್ರಕಟಣೆ ಹೊರಡಿಸಿತು. ಜನರ ಪಾತ್ರಗಳ ಹಾಳೆಯಲ್ಲಿರುವ ಹಳೇ ಮಂತ್ರಗಳ ಜಾಗಕ್ಕೆ ಹೊಸವನ್ನು ತಾನೇ ಕೂರಿಸುವುದಾಗಿ ಹೇಳಿತು. ಆಟಗಾರರು ರೊಚ್ಚಿಗೆದ್ದರು. ಕೆಲವೇ ದಿನಗಳಲ್ಲಿ ಆ ಮಾತನ್ನು ವಾಪಸ್ ತಗೊಂಡರು. ನಮ್ಮ ಕಡೆ ಮೊದಲಿನ ಸುದ್ದಿ ಬಂತು, ವಾಪಸ್ ತಗೊಂಡ ಸುದ್ದಿ ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಇಳಿಯಲೇ ಇಲ್ಲ ಅಂತ ಕಾಣುತ್ತದೆ.

ಇನ್ನೂ ನಂಬಿಕೆ ಇಲ್ಲದವರಿಗೆ ಇನ್ನೊಂದು ಮಾತು. 2023ರ ಜನವರಿಯಲ್ಲಿ ಆಟದ ನಿಯಮಗಳನ್ನು ಬೇರೆಯವರು ಬಳಸುವ ಪರವಾನಗಿ ವಿಷಯಕ್ಕೆ ದೊಡ್ಡ ಗದ್ದಲ ಆದಮೇಲೆ, ಪ್ರಕಾಶಕರಾದ ವಿಜರ್ಡ್ಸ್ ಆಫ್ ದಿ ಕೋಸ್ಟ್ 2014ರ ಆಟದ ಮೂಲ ನಿಯಮಗಳ ಒಂದು ಕಟ್ಟನ್ನು, ಯಾರು ಬೇಕಾದರೂ ಬಳಸಬಹುದಾದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟುಕೊಟ್ಟಿತು. ಹಾಗೆ ಒಮ್ಮೆ ಕೊಟ್ಟದ್ದನ್ನು ವಾಪಸ್ ಕಸಿದುಕೊಳ್ಳಲು ಬರುವುದಿಲ್ಲ. ಕೊಟ್ಟವರೇ ‘ರದ್ದು’ ಅನ್ನಲಾಗದ್ದನ್ನು ನಿಮ್ಮ ಗೆಳೆಯ ರದ್ದು ಮಾಡಿದನೇ? 2025ರಲ್ಲಿ ಹೊಸ ನಿಯಮಗಳ ಕಟ್ಟನ್ನೂ ಹಾಗೇ ಬಿಟ್ಟಿದ್ದಾರೆ. ಬಿಟ್ಟಿ ಸಿಗುತ್ತದೆ, ಇಂಗ್ಲಿಷಿನಲ್ಲಿದೆ, ಮೊದಲು ಅದನ್ನು ಓದಿ. ದುಡ್ಡು ಆಮೇಲೆ.

ಎರಡನ್ನೂ ಬೆರೆಸಿ ಆಡುವುದು ಹೇಗೆ? ಒಂದೇ ಹೆಸರಿನ ಮಂತ್ರವೋ ಇನ್ನೇನೋ ಎರಡೂ ಪುಸ್ತಕದಲ್ಲಿದ್ದರೆ ಹೊಸದು ಹಿಡಿಯಿರಿ. ಹಳೇದರಲ್ಲಿ ಮಾತ್ರ ಇದ್ದರೆ ಹಳೇದೇ ನಡೆಯುತ್ತದೆ.

ನಮ್ಮ ವಿದ್ಯಾನಗರದ ಟೇಬಲ್ಲಿನಲ್ಲಿ ಇದಕ್ಕೇ ಜಗಳ ಆಗಿತ್ತು. ಒಬ್ಬ ಹಳೇ ಪುಸ್ತಕ ತೆರೆದು, ಗಾಯ ಮಾಯಿಸುವ ‘ಕ್ಯೂರ್ ವೂಂಡ್ಸ್’ ಮಂತ್ರಕ್ಕೆ ಎಂಟು ಮುಖದ ಒಂದು ದಾಳ ಎತ್ತಿದ. ಪಕ್ಕದವಳು ಹೊಸದನ್ನು ತೋರಿಸಿ “ಎರಡು ದಾಳ ಹಾಕೋ, ನಾ ಸಾಯಾಕತ್ತೀನಿ” ಅಂದಳು. ಎರಡೇ ಸರಿ. ಅದೇ ದಿನ ಇನ್ನೊಬ್ಬ ಹುಡುಗನ ಮುಖ ಬಾಡಿತ್ತು. ಅವನದು ಹಾಫ್ ಎಲ್ಫ್ ಪಾತ್ರ, ಅಂದರೆ ಅರ್ಧ ಮನುಷ್ಯ ಅರ್ಧ ಎಲ್ಫ್ ಕುಲದ್ದು, ಎರಡು ವರ್ಷ ಸಾಕಿದ್ದು. ಹೊಸ ಹ್ಯಾಂಡ್‌ಬುಕ್ಕಿನಲ್ಲಿ ಹಾಫ್ ಎಲ್ಫ್ ಇಲ್ಲ. “ನಂದು ಸತ್ತಂಗ ಆತಲ್ರೀ ಮಾಸ್ತರ?” ಅಂದ. ಡಂಜನ್ ಮಾಸ್ಟರ್ ಅನ್ನಲು ನಾಲಿಗೆ ಹೊರಳದೆ ನಮ್ಮಲ್ಲಿ ಎಲ್ಲರೂ ಮಾಸ್ತರ ಅಂತಲೇ ಕರೆಯುವುದು. ಸತ್ತಿಲ್ಲಪ್ಪಾ, ಹೊಸ ಪುಸ್ತಕದಲ್ಲೇ ಇದಕ್ಕೆ ದಾರಿ ಬರೆದಿದ್ದಾರೆ. ಹಳೇ ಕುಲ ಇಟ್ಟುಕೋ, ಅದು ಕೊಡುತ್ತಿದ್ದ ಹೆಚ್ಚುವರಿ ಅಂಕ ಮಾತ್ರ ಬಿಡು. ಆ ಅಂಕ ಈಗ ನಿನ್ನ ಪಾತ್ರದ ಹಿನ್ನೆಲೆಯಿಂದ ಬರುತ್ತದೆ. ಹಾಗೆಯೇ ಪುರೋಹಿತ ಪಾತ್ರಕ್ಕೆ ಹಳೇದರಲ್ಲಿದ್ದ ಗುಡುಗು ಸಿಡಿಲಿನ ‘ಟೆಂಪೆಸ್ಟ್’ ಪಂಥ ಹೊಸ ಹ್ಯಾಂಡ್‌ಬುಕ್ಕಿನಲ್ಲಿಲ್ಲ. ಬೇಕಿದ್ದವರು ಹಳೇದರಿಂದ ತರಲಿ. ಆದರೆ ಪಂಥದ ಶಕ್ತಿಗಳು ಒಂದನೇ ಹಂತದ ಬದಲು ಮೂರನೇ ಹಂತಕ್ಕೆ ಸಿಗುತ್ತವೆ.

ಮದ್ದು ಕುಡಿಯುವ ನಿಯಮ ಮಾತ್ರ ಹೊಸದನ್ನೇ ಹಿಡಿಯಿರಿ ಅಂತ ನನ್ನ ಹಟ. ಮೊದಲು ಒಂದು ಬಾಟಲಿ ಕುಡಿದರೆ ಹೊಡೆಯುವ ಪಾಳಿಯೇ ಹೋಗುತ್ತಿತ್ತು, ಈಗ ಕುಡಿದು ಹೊಡೆಯಲೂಬಹುದು. ಅದೆಷ್ಟೋ ಟೇಬಲ್ಲುಗಳಲ್ಲಿ ಇದನ್ನು ಮೊದಲೇ ಹೀಗೆ ಆಡುತ್ತಿದ್ದರು. ಚೌಕಾಬಾರದಲ್ಲಿ ಒಂದು ಕಾಯಿ ಕಡಿಯದೆ ಒಳಗಿನ ಮನೆಗೆ ಹೋಗಬಾರದು ಅಂತ ಒಂದು ಮನೆಯವರು, ಹೋಗಬಹುದು ಅಂತ ಇನ್ನೊಂದು ಮನೆಯವರು ಆಡುವುದಿಲ್ಲವೇ? ಹಾಗೇ ಇದು.

ಚೌಕಾಬಾರ ಅಂದಾಗ ನೆನಪಾಯಿತು. ಹಾವೇರಿಯವರು ಇದನ್ನು ಕೇಳಿಲ್ಲ, ಕೇಳಬೇಕಿತ್ತು. ಇಪ್ಪತ್ತು ಮುಖದ ದಾಳ ಇಲ್ಲದಿದ್ದರೆ ಕವಡೆ ಹಾಕಿ ಆಡಬಹುದಾ? ಬರುವುದಿಲ್ಲ. ಇಪ್ಪತ್ತು ಮುಖದ ದಾಳದಲ್ಲಿ ಪ್ರತಿ ಅಂಕಿಗೂ ನೂರಕ್ಕೆ ಐದು ಅವಕಾಶ. ನಾಲ್ಕು ಕವಡೆ ಹಾಕಿದರೆ ಎರಡು ಬೀಳುವುದು ಸುಲಭ, ಬಾರಾ ಬೀಳುವುದು ಕಷ್ಟ. ಮೇಲಾಗಿ ಕವಡೆ ನಾಣ್ಯದ ಹಾಗೆ ಚಪ್ಪಟೆಯಲ್ಲ. ಬೆನ್ನು ಉಬ್ಬಿರುತ್ತದೆ, ಎರಡೂ ಕಡೆ ಸಮನಾಗಿ ಬೀಳುತ್ತದೆ ಅಂತ ನಂಬುವ ಹಾಗಿಲ್ಲ.

ಅದರ ಬದಲು ಸ್ಟೀಲ್ ಲೋಟ ತಗೊಳ್ಳಿ. 1ರಿಂದ 20ರವರೆಗೆ ಚೀಟಿ ಬರೆದು, ಒಂದೇ ಅಳತೆಗೆ ಮಡಚಿ ಹಾಕಿ. ಲೆಕ್ಕ ದಾಳದಷ್ಟೇ ನಿಖರ. ಒಂದೇ ಷರತ್ತು: ತೆಗೆದ ಚೀಟಿಯನ್ನು ಪ್ರತಿ ಸಲ ವಾಪಸ್ ಹಾಕಿ ಕಲಕಬೇಕು. ನಾವು ಮೊದಲ ದಿನ ಇದನ್ನು ಮರೆತಿದ್ದೆವು. ರಾತ್ರಿ ಒಂಬತ್ತಕ್ಕೆ ಲೋಟದಲ್ಲಿ ಉಳಿದದ್ದು ಎರಡೇ ಚೀಟಿ, 1 ಮತ್ತು 20. ಡ್ರಾಗನ್ ಎದುರಿಗಿದೆ. ಐದೂ ಜನ ಒಬ್ಬರ ಮುಖ ಒಬ್ಬರು ನೋಡುತ್ತ ಕೂತರು, ಯಾರೂ ಲೋಟಕ್ಕೆ ಕೈ ಹಾಕಲಿಲ್ಲ.