ಎಡ ಮೋಟಾರು ನಿಂತಾಗ

ಕೊಯ್ಲು ಮುಗಿದ ರಾಗಿ ಹೊಲದ ಮೇಲೆ, ತೆಂಗಿನ ಮರದ ಎರಡರಷ್ಟು ಎತ್ತರದಲ್ಲಿ, ರಿಮೋಟಿನಿಂದ ಹಾರಿಸುವ ನನ್ನ ಎರಡು ಮೋಟಾರಿನ ಥರ್ಮಾಕೋಲ್ ಮಾದರಿ ವಿಮಾನದ ಎಡ ಮೋಟಾರು ನಿಂತುಬಿಟ್ಟಿತು. ಮೂತಿ ಎತ್ತಿ ಏರುತ್ತಿದ್ದ ವಿಮಾನ ಎಡಕ್ಕೆ ತಿರುಗಿತು. ಕೆಳಗೆ ಬೀಳುತ್ತದೆಂಬ ಭಯಕ್ಕೆ ನಾನು ಮೋಟಾರುಗಳ ವೇಗ ಹೆಚ್ಚಿಸುವ ಥ್ರಾಟಲನ್ನು ಪೂರ್ತಿ ಏರಿಸಿದೆ. ಅದು ಎಡರೆಕ್ಕೆಯ ಮೇಲೆ ಮಗುಚಿ, ಗಿರಗಿರನೆ ತಿರುಗುತ್ತ ನೆಲಕ್ಕೆ ಬಡಿಯಿತು.

ಒಂದೇ ಮೋಟಾರಿನ ಮಾದರಿಯಲ್ಲಿ ಮೋಟಾರು ನಿಂತರೆ ಅಷ್ಟು ಭಯವಿಲ್ಲ. ವಿಮಾನ ತೇಲುತ್ತ ಇಳಿಯುತ್ತದೆ. ಎರಡರಲ್ಲಿ ಒಂದು ನಿಂತಾಗಿನ ಕಥೆಯೇ ಬೇರೆ. ಜೋಡೆತ್ತಿನ ಗಾಡಿಯಲ್ಲಿ ಎಡಗೋಲಿನ ಎತ್ತು ನಿಂತು ಬಲಗೋಲಿನದು ಎಳೆಯುತ್ತಲೇ ಇದ್ದರೆ ಗಾಡಿ ಎಡಕ್ಕೆ ತಿರುಗುತ್ತದೆ. ಬಲಗೋಲಿನ ಎತ್ತನ್ನು ಇನ್ನಷ್ಟು ಅಟ್ಟಿದರೆ ಇನ್ನಷ್ಟು ತಿರುಗುತ್ತದೆ. ನಾನು ಥ್ರಾಟಲ್ ಏರಿಸಿ ಮಾಡಿದ್ದು ಇದನ್ನೇ.

ಲೆಕ್ಕ ಹಾಕಿ ನೋಡಿದೆ. ನನ್ನ ವಿಮಾನದ ತೂಕ 900 ಗ್ರಾಂ. ಒಂದೊಂದು ಮೋಟಾರಿನ ಎಳೆತ ಸುಮಾರು 450 ಗ್ರಾಂ. ಮೋಟಾರು ಇದ್ದದ್ದು ನಡುಗೆರೆಯಿಂದ 20 ಸೆಂ.ಮೀ. ದೂರದಲ್ಲಿ. ಈ ತಿರುವನ್ನು ತಡೆಯಬೇಕಾದ ಬಾಲದ ನಿಲುಹಲಗೆ ಗುರುತ್ವ ಕೇಂದ್ರದಿಂದ 60 ಸೆಂ.ಮೀ. ಹಿಂದಿದೆ. ಅಂದರೆ ಅದು ಪಕ್ಕಕ್ಕೆ 150 ಗ್ರಾಂನಷ್ಟು ಬಲದಿಂದ ತಳ್ಳಬೇಕು. ಜೋರಾಗಿ ಹಾರುವಾಗ ಇದು ಕಷ್ಟವಲ್ಲ. ಆದರೆ ಗಾಳಿಯ ಬಲ ವೇಗದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ: ವೇಗ ಅರ್ಧವಾದರೆ ಬಾಲದ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ. ಮೋಟಾರಿನ ಎಳೆತ ಮಾತ್ರ ಹಾಗೆ ಕುಗ್ಗುವುದಿಲ್ಲ. ಏರುವಾಗ ವೇಗ ಕಡಿಮೆ, ಎಳೆತ ಪೂರ್ತಿ. ಎಲ್ಲಕ್ಕಿಂತ ಕೆಟ್ಟ ಗಳಿಗೆ ಅದು. ಮೇಲಾಗಿ, ತಿರುಗುವಾಗ ಹೊರಗಿನ ಬಲರೆಕ್ಕೆ ಹೆಚ್ಚು ವೇಗದಲ್ಲಿ ಸಾಗಿ ಮೇಲೇಳುತ್ತದೆ, ಒಳಗಿನ ಎಡರೆಕ್ಕೆ ಕುಸಿಯುತ್ತದೆ. ಥ್ರಾಟಲ್ ಇಳಿಸಿ, ಮೂತಿ ತಗ್ಗಿಸಿ, ವೇಗ ಉಳಿಸಿಕೊಂಡಿದ್ದರೆ ವಿಮಾನ ಉಳಿಯುತ್ತಿತ್ತು.

ದೊಡ್ಡ ವಿಮಾನಗಳ ವಿನ್ಯಾಸಕಾರರಿಗೂ ಇದೇ ಚಿಂತೆ. ಬೆಂಗಳೂರಿನ ಎನ್‌ಎಎಲ್ (ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್) ರೂಪಿಸಿದ, 2004ರ ಮೇ 29ರಂದು ಮೊದಲು ಹಾರಿದ ಪುಟ್ಟ ಪ್ರಯಾಣಿಕ ವಿಮಾನ ಸಾರಸ್‌ನ ಚಿತ್ರ ನೋಡಿ. ಅದರ ಎರಡು ಎಂಜಿನ್‌ಗಳು ರೆಕ್ಕೆಯ ಮೇಲಿಲ್ಲ. ಹಿಂಭಾಗದಲ್ಲಿ, ಒಡಲಿನ ಇಕ್ಕೆಲಗಳಲ್ಲಿವೆ. ನಡುಗೆರೆಗೆ ಹತ್ತಿರವಾದಷ್ಟೂ ಒಂದು ಎಂಜಿನ್ ನಿಂತಾಗಿನ ತಿರುಚು ಕಡಿಮೆ. ಹಾಗಿದ್ದರೂ ಒಂಟಿ ಎಂಜಿನ್ನಿನ ಹಾರಾಟ ಅಪಾಯದ್ದೇ. 2009ರ ಮಾರ್ಚ್ 6ರಂದು, ಆಕಾಶದಲ್ಲೇ ಎಂಜಿನ್ ನಿಲ್ಲಿಸಿ ಮತ್ತೆ ಹೊತ್ತಿಸುವ ಪರೀಕ್ಷೆಯ ಹಾರಾಟದಲ್ಲಿ ಸಾರಸ್‌ನ ಎರಡನೆಯ ಪ್ರಾಯೋಗಿಕ ವಿಮಾನ ಬಿಡದಿಯ ಬಳಿ ಬಿದ್ದು ವಾಯುಪಡೆಯ ಮೂವರು ಅಧಿಕಾರಿಗಳು ತೀರಿಕೊಂಡರು. ಬೆಂಗಳೂರು–ಮೈಸೂರು ರಸ್ತೆಯಲ್ಲಿ ಬಿಡದಿ ದಾಟುವಾಗಲೆಲ್ಲ ನನಗೆ ಅವರ ನೆನಪಾಗುತ್ತದೆ.

ಇಷ್ಟಾದರೂ ರೆಕ್ಕೆಯ ಮೇಲೆ ಮೋಟಾರು ಇಡುವುದಕ್ಕೆ ಒಳ್ಳೆಯ ಕಾರಣವಿದೆ. ಹಾರುವಾಗ ಗಾಳಿ ರೆಕ್ಕೆಗಳನ್ನು ಮೇಲಕ್ಕೆ ಬಾಗಿಸುತ್ತದೆ. ಅಲ್ಲೇ ಕುಳಿತ ಮೋಟಾರಿನ ತೂಕ ಕೆಳಕ್ಕೆ ಜಗ್ಗಿ ಬುಡದ ಮೇಲಿನ ಹೊರೆ ತಗ್ಗಿಸುತ್ತದೆ. ಥರ್ಮಾಕೋಲಿಗೆ ಇದು ದೊಡ್ಡ ಉಪಕಾರ. ಗಣೇಶನ ಮಂಟಪಕ್ಕೆ ಬಳಸುವ ಈ ಬಿಳಿ ಹಲಗೆಯ ಗಾತ್ರದಲ್ಲಿ ನೂರಕ್ಕೆ ಸುಮಾರು 98 ಪಾಲು ಬರೀ ಗಾಳಿ. ಹಗುರ ನಿಜ, ಆದರೆ ಎಳೆದರೆ ಪಟ್ಟನೆ ಮುರಿಯುತ್ತದೆ. ರೆಕ್ಕೆ ಮೇಲಕ್ಕೆ ಬಾಗುವಾಗ ಎಳೆತಕ್ಕೆ ಸಿಗುವುದು ಅದರ ಕೆಳಮೈ. ಅಲ್ಲಿ ಉದ್ದಕ್ಕೂ ರಟ್ಟಿನ ಪೆಟ್ಟಿಗೆಗೆ ಹಚ್ಚುವ ಕಂದು ಟೇಪನ್ನು ಅಂಟಿಸಿ, ಒಳಗೊಂದು ಕಾರ್ಬನ್ ಕೊಳವೆ ತೂರಿಸಿದರೆ ಅದೇ ಹಲಗೆ ನಂಬಲಾಗದಷ್ಟು ಗಟ್ಟಿಯಾಗುತ್ತದೆ. ಟೇಪು ಎಳೆತವನ್ನು ಹೊರುತ್ತದೆ, ಥರ್ಮಾಕೋಲ್ ಆಕಾರವನ್ನು ಕಾಯುತ್ತದೆ. ಕ್ಷಣದಲ್ಲಿ ಹಿಡಿಯುವ ಸೂಪರ್ ಗ್ಲೂ ಮಾತ್ರ ಬೇಡ, ಅದು ಥರ್ಮಾಕೋಲನ್ನೇ ಕರಗಿಸುತ್ತದೆ.

ತಂತಿಗಳ ವಿಷಯದಲ್ಲಿ ಎರಡು ಮಾತು. ಪ್ರತಿ ಮೋಟಾರಿಗೂ ಒಂದು ವೇಗ ನಿಯಂತ್ರಕ ಬೇಕು. ಸಾಮಾನ್ಯವಾಗಿ ಎರಡೂ ನಿಯಂತ್ರಕಗಳು ರಿಮೋಟಿನ ಸಂಕೇತ ಹಿಡಿಯುವ ರಿಸೀವರ್‌ಗೆ ವಿದ್ಯುತ್ ಕಳುಹಿಸುತ್ತವೆ. ಅವು ಒಂದಕ್ಕೊಂದು ತೊಡಕಾಗದಂತೆ, ಅಲ್ಲಿಗೆ ವಿದ್ಯುತ್ ಒಯ್ಯುವ ಕೆಂಪು ತಂತಿಯನ್ನು ಒಂದು ನಿಯಂತ್ರಕದಲ್ಲಿ ಬಿಡಿಸಿಡುವುದು ಕ್ಷೇಮ. ಇನ್ನು, ಎರಡೂ ಪ್ರೊಪೆಲ್ಲರ್‌ಗಳು ಎದುರುಬದುರು ದಿಕ್ಕಿಗೆ ತಿರುಗಿದರೆ ಒಂದರ ತಿರುಚನ್ನು ಇನ್ನೊಂದು ಅಳಿಸುತ್ತದೆ. ಬ್ರಷ್‌ಲೆಸ್ ಮೋಟಾರಿನ ಮೂರು ತಂತಿಗಳಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿದರೆ ದಿಕ್ಕು ತಿರುವುಮುರುವಾಗುತ್ತದೆ. ಆ ಬದಿಗೆ ವಿರುದ್ಧ ದಿಕ್ಕಿನ ಪ್ರೊಪೆಲ್ಲರ್ ಹಾಕಬೇಕು, ಅಷ್ಟೆ. ನನ್ನ ಎಡ ಮೋಟಾರು ನಿಂತದ್ದೂ ಈ ಮೂರರಲ್ಲಿ ಒಂದರ ಬೆಸುಗೆ ಬಿಟ್ಟದ್ದರಿಂದ.

ಹೊಸ ರೆಕ್ಕೆ ಕತ್ತರಿಸಿಯಾಗಿದೆ. ಪ್ರೊಪೆಲ್ಲರ್‌ನ ವ್ಯಾಸ 7 ಇಂಚು, ಅಂದರೆ ಅದರ ತುದಿ ಮೋಟಾರಿನಿಂದ ಸುಮಾರು 9 ಸೆಂ.ಮೀ. ಚಾಚುತ್ತದೆ. ಒಡಲಿಗೆ ತಾಗದಂತೆ ಮೋಟಾರುಗಳನ್ನು 14 ಸೆಂ.ಮೀ.ವರೆಗೆ ಒಳಕ್ಕೆ ತರಬಹುದು. ಬಾಲದ ಮೇಲಿನ ಹೊರೆ 150 ಗ್ರಾಂನಿಂದ 105ಕ್ಕೆ ಇಳಿಯುತ್ತದೆ. ನಿಲುಹಲಗೆಯನ್ನೂ ಎರಡು ಬೆರಳು ಎತ್ತರಿಸಿದ್ದೇನೆ. ಭಾನುವಾರ ಬೆಳಿಗ್ಗೆ, ಗಾಳಿ ಏಳುವ ಮುನ್ನ, ಅದೇ ಹೊಲಕ್ಕೆ ಹೋಗುತ್ತೇನೆ.